ಕಾರ್ಡಿನಿಂದ ಬಿಟ್ಟುಹೋದ ಮಗಳು

ಮನೆಯಲ್ಲಿ ಒಂದು ಸುಳ್ಳು ಸಾಕಿಕೊಂಡವರ ಪಾಡು ಯಾರಿಗೂ ಬೇಡ. ಆಡು ಸಾಕಿದರೆ ಎರಡು ಹೊತ್ತು ಸೊಪ್ಪು ಹಾಕಿ ಸುಮ್ಮನಿರಬಹುದು. ಸುಳ್ಳಿಗೆ ಹಾಗಲ್ಲ, ಯಾರು ಬಂದರೂ ಎದ್ದು ಮೇವು ಹಾಕಬೇಕು. ಕಾತೆಮಿ ಈ ಕೆಲಸ ಮಾಡಿ ಮಾಡಿ ಸೋತುಹೋಗಿದ್ದಳು.

ಅವಳ ಮನೆ ಇದ್ದದ್ದು ದಕ್ಷಿಣ ಜಾವಾದ ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಕರಂಗ್‌ಸೊನೊ ಎಂಬ ಕೇರಿಯಲ್ಲಿ. ಗಂಡ ತುಗಿರಾನ್ ಸಾಗುವಾನಿ ಕೊಯ್ಯುವ ಕೆಲಸದವನು. ಇಬ್ಬರೂ ಸೇರಿ ಗುಡ್ಡದ ಇಳಿಜಾರಿನಲ್ಲಿ ಮರಗೆಣಸು ಬೆಳೆಯುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ರುಸ್ಮಿನಿಗೆ ಪಕ್ಕದ ಊರಿನ ಹರ್ಯಾದಿಯ ಜೊತೆ ಮದುವೆ ಗೊತ್ತಾಗಿ, ಆ ದಿನ ದಿನಾಂಕ ಹಿಡಿಯಲು ಬೀಗರು ಬಂದು ಚಾಪೆಯ ಮೇಲೆ ಕುಳಿತಿದ್ದರು.

ಮಾತೆಲ್ಲ ಸುಗಮವಾಗಿಯೇ ನಡೆಯುತ್ತಿತ್ತು. ಆಗ ಹುಡುಗನ ಸೋದರತ್ತೆ ಸುಮಾರ್ಸಿ ಕೇಳಿದಳು.

"ಎಲ್ಲಾ ಸರಿ ಬೀಗರೇ. ದೊಡ್ಡ ಮಗಳ ಅಪ್ಪಣೆ ಒಂದು ಆಗ್ಬೇಕಲ್ಲ?"

ಅಕ್ಕನಿಗಿಂತ ಮುಂಚೆ ತಂಗಿ ಮದುವೆಯಾದರೆ ಅಕ್ಕನನ್ನು ದಾಟಿಹೋದ ಹಾಗೆ. ದಾಟುವ ಮುಂಚೆ ತಂಗಿ ಅಕ್ಕನ ಮುಂದೆ ಮಂಡಿಯೂರಿ ಅಪ್ಪಣೆ ಕೇಳಬೇಕು, ಅಕ್ಕ ಬಾಯಿಬಿಟ್ಟು ಕೇಳಿದ್ದನ್ನು ಕೊಡಬೇಕು. ಆ ಕಡೆಯವರು ಇದನ್ನು ಬಿಟ್ಟು ಮದುವೆ ಮಾಡುವುದಿಲ್ಲ.

"ಸುತಿಯಾ ಮಲೇಶಿಯಾದಲ್ಲಿ ಕೆಲಸಕ್ಕಿದ್ದಾಳಲ್ಲ," ಎಂದ ತುಗಿರಾನ್. "ಅವಳ ಯಜಮಾನ್ರು ರಜ ಕೊಡಲ್ಲ."

"ರಜ ಯಾತಕ್ಕೆ? ಫೋನ್ ಮಾಡ್ಸಿ. ಮುಖ ನೋಡ್ಕೊಂಡೇ ಮಾತಾಡ್ಬಹುದಂತೆ ಈಗ. ನಾನು ದಿನಾ ನಮ್ಮ ತಂಗಿ ಜೊತೆ ಮಾತಾಡ್ತೀನಿ, ಅವಳ ಮನೆ ಬೆಕ್ಕು ಸಮೇತ ಕಾಣತ್ತೆ."

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಹಲಗೆಗೆ ಏನೋ ಬಡಿದ ಸದ್ದಾಯಿತು. ಒಂದು ಸಲ, ಮತ್ತೊಂದು ಸಲ.

"ಏನದು?" ಎಂದಳು ಸುಮಾರ್ಸಿ.

"ಆಡು," ಎಂದ ತುಗಿರಾನ್. "ಗಬ್ಬದ ಆಡು. ಒದೀತಾ ಇರತ್ತೆ."

ಚಹಾದ ತಟ್ಟೆ ಹಿಡಿದು ನಿಂತಿದ್ದ ಕಾತೆಮಿ ತಲೆ ಎತ್ತಲಿಲ್ಲ. ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಆರು ವರ್ಷದಿಂದ ಕಾಲಿಗೆ ಮರದ ಕೋಳ ಹಾಕಿಸಿಕೊಂಡು ಕುಳಿತಿದ್ದವಳು ಅವಳ ದೊಡ್ಡ ಮಗಳು ಸುತಿಯಾ. ಆ ಕೋಳಕ್ಕೆ ಸಾಗುವಾನಿ ಕೊಯ್ದು ತೂತು ಕೊರೆದವನು ಹಡೆದ ಅಪ್ಪನೇ.

ಮರುದಿನ ಬೆಳಿಗ್ಗೆ ಕಾತೆಮಿ ಅಂಗಳದಲ್ಲಿ ಮರಗೆಣಸಿನ ರಾಶಿ ಸುರುವಿಕೊಂಡು ಸಿಪ್ಪೆ ಹೆರೆಯುತ್ತಿದ್ದಳು. ಪಕ್ಕದ ಮನೆಯ ವಾರ್ತಿನಿ ಬಂದು ತಾನೇ ಒಂದು ಕತ್ತಿ ತೆಗೆದುಕೊಂಡು ಎದುರಿಗೆ ಕುಳಿತಳು. ವಾರ್ತಿನಿ ಸೋಯಾ ಕಾಳು ಹುದುಗಿಸಿ ತೆಂಪೆ ಬಿಲ್ಲೆ ಮಾಡಿ ಮಾರುವವಳು, ಜೊತೆಗೆ ಕೇರಿಯ ಆರೋಗ್ಯ ಕಾರ್ಯಕರ್ತೆ. ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವುದು, ಬಸುರಿಯರ ಹೆಸರು ಬರೆಯುವುದು, ಯಾರ ಮನೆಯಲ್ಲಿ ಯಾರು ಕೆಮ್ಮಿದರು ಎಂದು ನೋಡುವುದು ಅವಳ ಪಾಲಿನ ಕೆಲಸ. ಅದಕ್ಕೆ ಸಿಗುತ್ತಿದ್ದ ಗೌರವಧನ ಬಸ್ಸಿನ ಖರ್ಚಿಗೂ ಸಾಲುತ್ತಿರಲಿಲ್ಲ.

"ಮದುವೆ ಯಾವಾಗಂತೆ ಅಕ್ಕ?"

"ಯಾವಾಗಾದ್ರೆ ಏನು. ಫೋನಿನಲ್ಲಿ ಸುತಿಯಾನ ತೋರಿಸ್ಬೇಕಂತೆ. ನಮ್ಮೋರು ಒಂದು ಉಪಾಯ ಹುಡುಕಿದ್ದಾರೆ. ನಿಜವಾಗ್ಲೂ ಮಲೇಶಿಯಾದಲ್ಲಿರೋ ಅವರ ಚಿಕ್ಕಪ್ಪನ ಮಗಳನ್ನೇ ಸುತಿಯಾ ಅಂತ ಕೂರಿಸೋದಂತೆ."

ವಾರ್ತಿನಿಗೆ ನಗುವೂ ಬಂತು, ಸಂಕಟವೂ ಆಯಿತು. "ರುಸ್ಮಿನಿ ಏನಂದ್ಲು?"

"ಅನ್ನೋದೇನು. ಇನ್ಯಾರ ಮುಂದೇನೋ ಮಂಡಿಯೂರಿದ್ರೆ ನಾನು ದಾಟಿದ್ದು ಯಾರನ್ನ ಅಂತ ಅಪ್ಪನ್ನೇ ಕೇಳಿದ್ಲು. ರಾತ್ರಿ ಊಟ ಮಾಡ್ಲಿಲ್ಲ."

"ಅಕ್ಕ, ನಾನು ಮೂರು ಸಲ ಈ ಅಂಗಳಕ್ಕೆ ಬಂದಿದ್ದೀನಿ, ಮೂರು ಸಲಾನೂ ನೀವು ಚಹಾ ಕುಡಿಸಿ ಕಳಿಸಿದ್ದೀರ. ಇವತ್ತು ಚಹಾ ಬೇಡ, ನನ್ನ ಮಾತು ಕೇಳಿ. ಆರೋಗ್ಯ ಕೇಂದ್ರಕ್ಕೆ ಈಗ ಮನಸ್ಸಿನ ಕಾಯಿಲೆ ನೋಡೋ ನರ್ಸು ಬಂದಿದ್ದಾರೆ, ಸುರೋತೊ ಅಂತ. ತಿಂಗಳಿಗೊಂದು ಇಂಜೆಕ್ಷನ್, ಜೊತೆಗೆ ಮಾತ್ರೆ. ಬುಧವಾರ ಡಾಕ್ಟ್ರೂ ಬರ್ತಾರೆ. ಪಟ್ಟಣಕ್ಕೆ ಹೋಗೋದೇ ಬೇಡ."

ಕಾತೆಮಿ ಕತ್ತಿ ಕೆಳಗಿಟ್ಟಳು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಔಷಧಿಯಿಂದ ವಾಸಿಯಾಗತ್ತೆ ಅಂತ ನನಗೆ ಹೇಳಿಕೊಡ್ಬೇಡ ಕಣೇ. ಒಂದು ಸಲ ಕಣ್ಣಾರೆ ನೋಡಿದ್ದೀನಿ. ಅದಕ್ಕೇ ನನಗೆ ಬೇಡ."

ನೋಡಿದ್ದು ನಿಜ. ಒಂಬತ್ತು ವರ್ಷದ ಹಿಂದೆ ಸುತಿಯಾ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು. ಗೋಡೆಯೊಳಗಿಂದ ಯಾರೋ ತನ್ನನ್ನು ಬೈಯುತ್ತಾರೆ ಎಂದಳು. ಮಂತ್ರವಾದಿಯ ಹತ್ತಿರ ಹೋದರು, ಅವನು ಕೊಟ್ಟ ನೀರು ಕುಡಿಸಿದರು. ಹಿರಿಯ ಗುರುಗಳ ಹತ್ತಿರ ಹೋದರು. ಎರಡು ಹಸು ಹೋದವು, ಕಾಯಿಲೆ ಹೋಗಲಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು ಹೇಳಿದ್ದಕ್ಕೆ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ನಲವತ್ತು ದಿನಕ್ಕೆ ಮಗಳು ಮಗಳಾಗಿ ಮನೆಗೆ ಬಂದಳು. ಒಲೆ ಹಚ್ಚಿದಳು, ತಂಗಿಗೆ ಜಡೆ ಹಾಕಿದಳು, ಅಪ್ಪನಿಗೆ ಬುತ್ತಿ ಕಟ್ಟಿದಳು. ತುಗಿರಾನ್ ಸಂತೋಷಕ್ಕೆ ಕೇರಿಯವರನ್ನೆಲ್ಲ ಕರೆದು, ಪ್ರಾರ್ಥನೆ ಮಾಡಿಸಿ, ಅನ್ನದ ಗೋಪುರ ಕಟ್ಟಿ ಹರಕೆಯೂಟ ಹಾಕಿಸಿದ.

ಎಡವಟ್ಟಾದದ್ದು ಅಲ್ಲೇ. ಹರಕೆಯೂಟ ಹಾಕಿ, ವಾಸಿಯಾಯಿತೆಂದು ದೇವರಿಗೆ ಕೃತಜ್ಞತೆ ಹೇಳಿದ ಮೇಲೂ ಮಾತ್ರೆ ನುಂಗಿಸಿದರೆ ಹೇಳಿದ್ದು ಸುಳ್ಳಾಗುತ್ತದೆ ಎಂದು ತುಗಿರಾನನಿಗೆ ಅನ್ನಿಸಿತು. ಕಾತೆಮಿಗೂ ಅದು ಸರಿ ಎನ್ನಿಸಿತು. ಮಾತ್ರೆಗೆ ಪ್ರತಿ ತಿಂಗಳೂ ಎರಡು ಬಸ್ಸು ಬದಲಿಸಿ ಪಟ್ಟಣಕ್ಕೆ ಹೋಗಬೇಕಿತ್ತು, ಹೋದ ದಿನ ಕೂಲಿಯಿಲ್ಲ. ಹೀಗಾಗಿ ದೇವರ ಹೆಸರಿನಲ್ಲಿ ಬಸ್ಸೂ ತಪ್ಪಿತು. ಹತ್ತು ತಿಂಗಳ ಮೇಲೆ ಗೋಡೆ ಮತ್ತೆ ಬೈಯತೊಡಗಿತು. ಒಂದು ಮಧ್ಯಾಹ್ನ ಸುತಿಯಾ ಆ ದನಿಗಳನ್ನು ಓಡಿಸಲೆಂದು ಅಡಿಗೆಮನೆಗೆ ಬೆಂಕಿ ಇಟ್ಟಳು. ಅರ್ಧ ಮನೆ ಹೋಯಿತು. ಆಮೇಲೆ ಕೋಳ ಬಂತು.

"ಮೊದಲ್ನೇ ಸಲ ಹುಚ್ಚು ಹಿಡಿದಾಗ ನಾನು ಅತ್ತಿದ್ದೆ," ಎಂದಳು ಕಾತೆಮಿ. "ವಾಸಿಯಾದ ಮೇಲೆ ಕಾಯಿಲೆ ಮತ್ತೆ ಬಂದಾಗ ಅಳು ಬರ್ಲಿಲ್ಲ ವಾರ್ತಿನಿ. ಇನ್ನೊಂದು ಸಲ ಅವಳು ನನ್ನ ಜೊತೆ ಕೂತು ಗೆಣಸು ಹೆರೆದು, ಇನ್ನೊಂದು ಸಲ ಆ ಕೋಣೆಗೆ ಹೋದ್ರೆ ನಾನಿರಲ್ಲ. ಈಗ ಹೆಂಗಿದ್ದಾಳೋ ಹಂಗೇ ಇರ್ಲಿ. ಅನ್ನ ಹಾಕ್ತೀನಿ, ಮೈ ತೊಳೀತೀನಿ. ಅಷ್ಟು ಶಕ್ತಿ ಉಳಿದಿದೆ ನನ್ನ ಹತ್ರ, ಅದಕ್ಕಿಂತ ಹೆಚ್ಚು ಕೇಳ್ಬೇಡ."

ವಾರ್ತಿನಿ ಎರಡು ಗೆಣಸು ಹೆರೆದು ಬುಟ್ಟಿಗೆ ಹಾಕಿದಳು.

"ಸಾಕಾಗಿದೆ ಅನ್ನೋದು ನನಗೂ ಅರ್ಥವಾಗತ್ತೆ. ಆದ್ರೆ ಒಂದು ಹೇಳಿ. ನಮ್ಮ ಕೊನೇ ಮನೆ ಅಜ್ಜನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗ್ತಾನೆ, ಗದ್ದೆಗೆ ಹೋಗ್ತಾನೆ. ಅವನಿಗೆ ಯಾರಾದ್ರೂ ವಾಸಿಯಾಯ್ತು ಅಂತ ಹರಕೆಯೂಟ ಹಾಕಿ ಮಾತ್ರೆ ನಿಲ್ಲಿಸಿದ್ರಾ?"

"ಇಲ್ಲ."

"ಇದೂ ಹಂಗೇ ಕಣಕ್ಕ. ಔಷಧಿ ಸೋಲ್ಲಿಲ್ಲ, ಔಷಧಿ ನಿಂತುಹೋಯ್ತು. ನಿಲ್ಲಿಸಿದ್ದು ನೀವೊಬ್ರೇ ಅಲ್ಲ. ಎರಡು ಬಸ್ಸು ದೂರದಲ್ಲಿ ಔಷಧಿ ಇಟ್ಟು ಬಂದು ತಗೊಳ್ಳಿ ಅಂದ್ರೆ ಯಾರಿಗೆ ತಾನೆ ನಿಲ್ಲಲ್ಲ?"

"ಈಗಿನ ಔಷಧಿ ನಿಲ್ಲಲ್ವಾ? ಮಾತು ಕೊಡ್ತೀಯಾ?"

"ಕೊಡಲ್ಲ," ಎಂದಳು ವಾರ್ತಿನಿ. "ಹೋದ ವರ್ಷ ಎರಡು ತಿಂಗಳು ಆರೋಗ್ಯ ಕೇಂದ್ರದಲ್ಲೇ ದಾಸ್ತಾನು ಖಾಲಿಯಾಗಿತ್ತು. ನಿಮ್ಮ ಹತ್ರ ಯಾಕೆ ಸುಳ್ಳು ಹೇಳ್ಲಿ. ಅದಕ್ಕೇ ನಾನು ಬಂದಿದ್ದು ಬರೀ ಸುತಿಯಾನ ವಿಷಯಕ್ಕಲ್ಲ. ಗುರುವಾರ ಗ್ರಾಮಸಭೆ ಇದೆ. ಊರಿಗೆ ಬರೋ ಸರ್ಕಾರದ ಹಣ ಯಾವುದಕ್ಕೆ ಅಂತ ಅಲ್ಲಿ ಬರೀತಾರೆ. ಕಾಯಿಲೆಯವರನ್ನ ತಿಂಗಳಿಗೊಂದು ಸಲ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗೋ ವ್ಯಾನಿಗೆ, ಅಲ್ಲಿ ಔಷಧಿ ಮುಗಿದ್ರೆ ಬೇರೆ ಕಡೆಯಿಂದ ತರಿಸೋದಕ್ಕೆ ಸ್ವಲ್ಪ ತೆಗೆದಿಡಿ ಅಂತ ನಾನು ಮೂರು ವರ್ಷದಿಂದ ಕೇಳ್ತಾ ಇದ್ದೀನಿ. ಅಂಥ ಕಾಯಿಲೆಯವರು ನಮ್ಮೂರಲ್ಲಿ ಎಲ್ಲಿದ್ದಾರಮ್ಮ ಅಂತ ಕೇಳ್ತಾರೆ. ನಾನು ಯಾರ ಹೆಸರು ಹೇಳ್ಲಿ? ಅಂಥ ಏಳು ಮನೆ ಇವೆ. ಏಳೂ ಮನೆಯೋರು ಚಹಾ ಕೊಟ್ಟು ಕಳಿಸ್ತಾರೆ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರುಸ್ಮಿನಿ ಅಂಗಳಕ್ಕೆ ಬಂದಳು.

"ಅತ್ತೆ, ನರ್ಸನ್ನ ಕರ್ಕೊಂಡು ಬನ್ನಿ," ಎಂದಳು ವಾರ್ತಿನಿಗೆ. "ಅಮ್ಮ ಬೇಡ ಅಂದ್ರೆ ನಾನು ಬಾಗಿಲು ತೆಗೀತೀನಿ."

ನರ್ಸ್ ಸುರೋತೊ ಮರುದಿನವೇ ಬೈಕಿನಲ್ಲಿ ಬಂದ. ಕೊಟ್ಟಿಗೆ ದಾಟಿ ಕೋಣೆಗೆ ಹೋಗುವಾಗ ಮೂಗು ಮುಚ್ಚಿಕೊಳ್ಳಲಿಲ್ಲ. ನೆಲದ ಮೇಲೆ ಸುತಿಯಾಳ ಮಟ್ಟಕ್ಕೇ ಕುಳಿತ. ಮೂವತ್ತೊಂದು ವರ್ಷದ ಹೆಣ್ಣು ಹನ್ನೆರಡರ ಹುಡುಗಿಯಷ್ಟು ಸಣ್ಣಗಾಗಿದ್ದಳು. ಮಂಡಿಗಳು ಮಡಚಿಯೇ ಉಳಿದುಬಿಟ್ಟಿದ್ದವು.

"ನನ್ನ ಹೆಸರು ಸುರೋತೊ. ನಿಮ್ಮ ಹೆಸರೇನು ಅಕ್ಕ?"

ಅವಳು ಬಹಳ ಹೊತ್ತು ಗೋಡೆ ನೋಡಿದಳು. "ಮೆಲ್ಲಗೆ," ಎಂದಳು. "ಅವರಿಗೆ ಕೇಳ್ಸತ್ತೆ."

"ಸರಿ, ಮೆಲ್ಲಗೇ ಮಾತಾಡೋಣ," ಎಂದು ಸುರೋತೊ ದನಿ ತಗ್ಗಿಸಿದ. ಆರು ವರ್ಷದಲ್ಲಿ ಮನೆಯವರು ಅವಳಿಗೆ ಅಲ್ಲಿ ಯಾರೂ ಇಲ್ಲ ಎಂದು ಕೂಗಿದ್ದೇ ಹೆಚ್ಚು. ದನಿ ತಗ್ಗಿಸಿದವನನ್ನು ಕಾತೆಮಿ ಅಂದೇ ನೋಡಿದ್ದು.

ಹೊರಗೆ ಬಂದು ಅವನು ಕಾಗದ ತೆಗೆದ. "ಡಾಕ್ಟ್ರು ನೋಡ್ಬೇಕು. ಮೊದಲು ಸ್ವಲ್ಪ ದಿನ ಆಸ್ಪತ್ರೆ, ಆಮೇಲೆ ಮನೆಯಿಂದ್ಲೇ ಔಷಧಿ. ಬಡವರ ವಿಮೆ ಇದೆಯಲ್ಲ, ಖರ್ಚು ಅದೇ ನೋಡ್ಕೊಳ್ಳತ್ತೆ. ಕುಟುಂಬದ ಕಾರ್ಡು ಕೊಡಿ ಅಮ್ಮ."

ಕಾತೆಮಿ ಕಾರ್ಡು ತಂದಳು. ಸುರೋತೊ ಎರಡು ಸಲ ಓದಿದ.

"ಇದರಲ್ಲಿ ಮೂರೇ ಹೆಸರಿದೆ."

ಅಷ್ಟರಲ್ಲಿ ಕೆಲಸದಿಂದ ಬಂದ ತುಗಿರಾನ್ ಗರಗಸ ಗೋಡೆಗೆ ಒರಗಿಸಿ ನಿಂತಿದ್ದ. ಅವನೇ ಹೇಳಿದ. ನಾಲ್ಕು ವರ್ಷದ ಹಿಂದೆ ಕಾರ್ಡು ಹೊಸದು ಮಾಡಿಸುವಾಗ ಮಗಳನ್ನು ಕರೆತನ್ನಿ, ಫೋಟೊ ತೆಗೆದು ಬೆರಳಚ್ಚು ಹಾಕಿಸಬೇಕು ಎಂದಿದ್ದರಂತೆ. ಕೋಳ ಹಾಕಿದವಳನ್ನು ಎಲ್ಲಿಗೆ ಕರೆದೊಯ್ಯುವುದು? ಊರು ಬಿಟ್ಟು ಹೋದಳು ಎಂದು ಬರೆಸಿಬಿಟ್ಟ. ಮಲೇಶಿಯಾ ಹುಟ್ಟಿದ್ದೂ ಅದೇ ದಿನ.

"ಕಾರ್ಡಿನಲ್ಲಿ ಹೆಸರಿಲ್ಲ ಅಂದ್ರೆ ವಿಮೆ ಇಲ್ಲ," ಎಂದ ಸುರೋತೊ. ಬೈಯುವ ದನಿಯಲ್ಲ, ಇಂಥದ್ದನ್ನು ನೋಡಿ ನೋಡಿ ದಣಿದವನ ದನಿ. "ಆಸ್ಪತ್ರೆ ಖರ್ಚು ನಿಮ್ಮ ಕೈಯಿಂದ ಆಗೋದಲ್ಲ. ಹೆಸರು ವಾಪಸ್ ಬರೆಸಿ. ಗ್ರಾಮ ಕಚೇರಿಗೆ ಹೋಗಿ, ಮಗಳು ಮನೇಲೇ ಇದ್ದಾಳೆ ಅಂತ ಹೇಳಿದ್ರೆ ಆಯ್ತು. ಮಿಷನ್ನು ಮನೆಗೇ ತಂದು ಫೋಟೊ ತೆಗೀತಾರೆ."

"ಹೇಳಿದ್ರೆ ಆಯ್ತು!" ತುಗಿರಾನ್ ಸಿಡಿದ. "ನಿಮಗೇನು ಸಾರ್, ಬೈಕು ಹತ್ತಿ ಹೋಗ್ತೀರ. ಕಚೇರಿ ಗುಮಾಸ್ತ ಹರ್ಯಾದಿಯ ಸೋದರಮಾವ. ಇವತ್ತು ಹೇಳಿದ್ರೆ ಸಂಜೆಗೆ ಅವರ ಮನೆಗೆ ಸುದ್ದಿ. ಒಬ್ಬ ಮಗಳ ಬಾಳು ಹಿಂಗಾಯ್ತು, ಇನ್ನೊಬ್ಬಳದನ್ನೂ ನನ್ನ ಕೈಯಾರೆ ಹಾಳು ಮಾಡ್ಲಾ?"

"ಅಪ್ಪ, ನನ್ನ ಬಾಳು ನನಗೆ ಬಿಡಿ," ಎಂದಳು ರುಸ್ಮಿನಿ. "ಅಕ್ಕನ್ನ ಕಾರ್ಡಿನಿಂದ ಅಳಿಸಿ ನನ್ನ ಮದುವೆ ಮಾಡಿದ್ರೆ, ನಾಳೆ ನನ್ನ ಹೊಟ್ಟೇಲಿ ಹುಟ್ಟಿದ ಮಗುವಿಗೆ ಹಿಂಗಾದ್ರೆ ಅದನ್ನೂ ಅಳಿಸ್ತಾರಾ?"

ತುಗಿರಾನ್ ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯಿಂದ ಮುಖ ಮುಚ್ಚಿಕೊಂಡು ಜಗಲಿಯಲ್ಲಿ ಕುಸಿದು ಕುಳಿತ. ನರ್ಸು ಹೋದ ಮೇಲೂ ಬಹಳ ಹೊತ್ತು ಹಾಗೆಯೇ ಇದ್ದ.

"ಆ ಮರ ನಾನು ಕೊಯ್ದಿದ್ದು ಕಣೇ," ಎಂದ ಹೆಂಡತಿಗೆ. "ಮೆತ್ತಗಿರ್ಲಿ ಅಂತ ತೂತಿನ ಅಂಚೆಲ್ಲ ಉಜ್ಜಿದೆ. ಅಷ್ಟು ಮಾಡಿದ್ದೇ ದೊಡ್ಡದು ಅಂದ್ಕೊಂಡಿದ್ದೆ."

ಕಾತೆಮಿಗೆ ಅವನನ್ನು ಸಮಾಧಾನ ಮಾಡುವ ತ್ರಾಣವಿರಲಿಲ್ಲ. ಬೈಯುವ ತ್ರಾಣವೂ ಇರಲಿಲ್ಲ. ಅವನ ಪಕ್ಕದಲ್ಲಿ ಕುಳಿತಳು, ಅಷ್ಟೆ.

ಗುರುವಾರ ಗ್ರಾಮಸಭೆಗೆ ಅವಳು ವಾರ್ತಿನಿಯ ಜೊತೆ ಹೋದಳು. ಏನೋ ತೀರ್ಮಾನ ಮಾಡಿ ಹೋದದ್ದಲ್ಲ. ಮನೆಯಲ್ಲಿ ಕುಳಿತರೆ ಹಲಗೆಯ ಸದ್ದು ಕೇಳಿಸುತ್ತದೆ ಎಂದು ಹೋದದ್ದು. ಊರಿನ ಮುಖ್ಯಸ್ಥರು ಪಟ್ಟಿ ಓದಿದರು. ರಸ್ತೆಗೆ ಇಷ್ಟು, ಚರಂಡಿಗೆ ಇಷ್ಟು, ಊರ ಬಾಗಿಲಿನ ಕಮಾನಿನ ಹೊಸ ಬಣ್ಣಕ್ಕೆ ಇಷ್ಟು. ವಾರ್ತಿನಿ ಎದ್ದು ನಾಲ್ಕನೇ ವರ್ಷವೂ ಅದೇ ಮಾತು ಕೇಳಿದಳು.

"ಮನಸ್ಸಿನ ಕಾಯಿಲೆಗೆ ಅಂತ ಪಟ್ಟಿಯಲ್ಲಿ ಸಾಲೇ ಇಲ್ಲಮ್ಮ," ಎಂದ ಕಾರ್ಯದರ್ಶಿ. "ಅಲ್ಲದೆ ನಮ್ಮೂರಲ್ಲಿ ಅಂಥೋರು ಯಾರಿದ್ದಾರೆ, ಹೇಳಿ ನೋಡೋಣ?"

ವಾರ್ತಿನಿ ಬಾಯಿ ಕಟ್ಟಿದವಳಂತೆ ನಿಂತಳು. ಪಾಪ, ಅವಳಾದರೂ ಯಾರ ಮನೆಯ ಮಾನ ಎತ್ತಿ ಬೀದಿಗೆ ಹಾಕಿಯಾಳು? ಆ ನಿಂತ ನಿಲುವು ನೋಡಿ ಕಾತೆಮಿ ಎದ್ದಳು.

"ನನ್ನ ಮಗಳಿದ್ದಾಳೆ."

ಸಭೆ ತಿರುಗಿತು.

"ಸುತಿಯಾ. ಮಲೇಶಿಯಾದಲ್ಲಿಲ್ಲ, ನನ್ನ ಹಿತ್ತಲಲ್ಲಿದ್ದಾಳೆ. ಆರು ವರ್ಷದಿಂದ ಕಾಲಿಗೆ ಮರ ಹಾಕಿ ಕೂರಿಸಿದ್ದೀವಿ. ನಿಮಗೆಲ್ಲ ಗೊತ್ತು. ನಮಗೆ ಬೇಜಾರಾಗ್ಬಾರ್ದು ಅಂತ ಗೊತ್ತಿಲ್ಲದೋರ ಹಂಗೆ ಇದ್ದೀರಿ. ನಿಮ್ಮ ಒಳ್ಳೇತನ ದೊಡ್ಡದು, ಆದ್ರೆ ಅದರಿಂದ ಅವಳ ಕಾಲು ಸೆಟೆದುಹೋಯ್ತು."

ಯಾರೂ ಆಶ್ಚರ್ಯಪಡಲಿಲ್ಲ. ಎಲ್ಲರೂ ತಮ್ಮ ತಮ್ಮ ಮೊಣಕಾಲು ನೋಡುತ್ತ ಕುಳಿತರು. ಹರ್ಯಾದಿಯ ಸೋದರಮಾವ ಆ ಗುಮಾಸ್ತ ಮಾತ್ರ ಪೆನ್ನು ಎತ್ತಿ ಹಿಡಿದು ಹಾಗೇ ಉಳಿದ.

"ಒಂದು ಸಲ ಔಷಧಿಯಿಂದ ನೆಟ್ಟಗಾಗಿದ್ಲು. ತರೋಕೆ ದೂರ ಅಂತ ಬಿಟ್ವಿ. ತಪ್ಪು ನಮ್ಮದೇ, ಒಪ್ಕೊಂಡೆ. ಈಗ ಮತ್ತೆ ಶುರು ಮಾಡೋಕೆ ನನಗೆ ಭಯ. ಔಷಧಿ ಮತ್ತೆ ನಿಂತ್ರೆ ಅಂತ ಭಯ. ನನಗೆ ಸುಸ್ತಾಗಿದೆ ಸ್ವಾಮಿ, ಒಬ್ಬಳ ಕೈಲಿ ಆಗಲ್ಲ. ಸಾಲು ಇಲ್ಲ ಅಂದ್ರಲ್ಲ, ಇಲ್ಲದಿದ್ರೆ ಬರೀರಿ. ಕಮಾನಿಗೆ ಬಣ್ಣ ಇಲ್ಲದಿದ್ರೂ ಜನ ಊರೊಳಗೆ ಬರ್ತಾರೆ."

ಅವಳು ಕುಳಿತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, ತನ್ನ ತಮ್ಮ ಇದ್ದಾನೆ ಎಂದ. ಬೇರೇನೂ ಹೇಳದೆ ಕುಳಿತ. ಆಮೇಲೆ ಇನ್ನೊಬ್ಬಳು ಕೈಯೆತ್ತಿದಳು. ಉಳಿದ ನಾಲ್ಕು ಮನೆಯವರು ಆ ದಿನ ಸುಮ್ಮನೆ ಇದ್ದರು.

ಕೇಳಿದ್ದೆಲ್ಲ ಸಿಕ್ಕಿತು ಎಂದುಕೊಳ್ಳಬೇಡಿ. ಕಮಾನಿಗೆ ಬಣ್ಣ ಬಳಿದೇ ಬಳಿದರು. ತಿಂಗಳಿಗೊಂದು ಸಲ ವ್ಯಾನು, ಔಷಧಿ ಮುಗಿದರೆ ತರಿಸಲು ಸಣ್ಣದೊಂದು ಮೊತ್ತ, ಇಷ್ಟನ್ನು ಹೊಸ ಸಾಲಾಗಿ ಬರೆದರು. ವಾರ್ತಿನಿಯ ಗೌರವಧನ ಹೆಚ್ಚಿಸುವ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಸುದ್ದಿ ಸಂಜೆಗೇ ಬೀಗರ ಮನೆ ಮುಟ್ಟಿತು. ಮರುದಿನ ಸುಮಾರ್ಸಿ ಬಂದವಳು ಚಾಪೆಯ ಮೇಲೂ ಕೂರಲಿಲ್ಲ.

"ಗಬ್ಬದ ಆಡು ಅಂದ್ರಿ," ಎಂದಳು ತುಗಿರಾನನಿಗೆ.

ತುಗಿರಾನ್ ತಲೆ ತಗ್ಗಿಸಿದ.

"ಕಾಯಿಲೆ ಯಾರ ಮನೆಗೆ ಬರಲ್ಲ? ಅದಕ್ಕೆ ನನ್ನ ತಕರಾರಿಲ್ಲ. ನನ್ನ ಕೂರಿಸ್ಕೊಂಡು ಸ್ವಂತ ಮಗಳನ್ನ ಆಡು ಅಂದ್ರಲ್ಲ, ಅದು ನನ್ನ ಗಂಟಲಲ್ಲಿ ಇಳೀತಿಲ್ಲ. ನಮ್ಮಲ್ಲಿ ಕೆಲವರು ಸಂಬಂಧವೇ ಬೇಡ ಅಂತಿದ್ದಾರೆ. ಹುಡುಗ ಕಾಯ್ತೀನಿ ಅಂತಾನೆ. ಆ ಹುಡುಗಿ ಹುಷಾರಾಗ್ಲಿ. ಅವಳು ತನ್ನ ಬಾಯಿಂದ ಅಪ್ಪಣೆ ಕೊಟ್ಟ ದಿನ ಮದುವೆ ಮಾಡೋಣ. ಕೊಡದಿದ್ರೆ ಇಲ್ಲ."

ಸೋಮವಾರ ಫೋಟೊ ತೆಗೆಯುವ ಮಿಷನ್ನು ಮನೆಗೆ ಬಂತು. ರುಸ್ಮಿನಿ ಅಕ್ಕನಿಗೆ ಸ್ನಾನ ಮಾಡಿಸಿ, ಜಡೆಗಟ್ಟಿದ ಕೂದಲು ಕತ್ತರಿಸಿ, ತನ್ನ ಕುಪ್ಪಸ ತೊಡಿಸಿದ್ದಳು. ಬೆರಳು ಒತ್ತಿಸುವಾಗ ಸುತಿಯಾ ಹೆದರಿ ಕೈ ಎಳೆದುಕೊಂಡಳು.

"ಇದು ಯಾತಕ್ಕೆ?"

"ನಿನ್ನ ಹೆಸರು ಬರೆಯೋಕೆ," ಎಂದಳು ತಾಯಿ.

"ಎಲ್ಲಿ ಹೋಗಿತ್ತು?"

ಕಾತೆಮಿ ಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮಿಷನ್ನಿನ ಮೇಲೆ ಇಟ್ಟಳು.

ವಿಮೆ ಬಂದ ಮೇಲೆ, ಡಾಕ್ಟರು ನೋಡಿದ ಮೇಲೆ, ಸುರೋತೊ ಎದುರಿಗೆ ನಿಂತಿರುವಾಗ ತುಗಿರಾನ್ ತನ್ನ ಗರಗಸದಿಂದಲೇ ಕೋಳ ಕೊಯ್ದ. ಕೊಯ್ಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ಸುತಿಯಾ ಐದು ವಾರ ಆಸ್ಪತ್ರೆಯಲ್ಲಿದ್ದು ಬಂದಳು. ಈ ಸಲ ಹರಕೆಯೂಟ ಬೇಡ ಎಂದು ತುಗಿರಾನನೇ ಹೇಳಿದ. ಅವಳು ಬಂದದ್ದು ಹಳೆಯ ಸುತಿಯಾ ಆಗಿಯೇನೂ ಅಲ್ಲ. ಹಗಲೆಲ್ಲ ತೂಕಡಿಸುತ್ತಿದ್ದಳು, ಕೈ ನಡುಗುತ್ತಿತ್ತು. ಕಾತೆಮಿಗೆ ಮಾತ್ರೆ ಬಚ್ಚಿಡಬೇಕು ಎನ್ನಿಸಿದ್ದು ಸುಳ್ಳಲ್ಲ.

"ನಡುಗಿದ್ರೆ ನನಗೆ ಹೇಳಿ, ಡಾಕ್ಟ್ರು ಪ್ರಮಾಣ ಬದಲಾಯಿಸ್ತಾರೆ," ಎಂದ ಸುರೋತೊ. "ನೀವಾಗಿ ನಿಲ್ಲಿಸ್ಬೇಡಿ ಅಮ್ಮ. ಎಷ್ಟೇ ಚೆನ್ನಾಗಿ ಕಂಡ್ರೂ."

ಪ್ರಮಾಣ ಬದಲಾಯಿತು, ನಡುಕ ತಗ್ಗಿತು. ಮೂರನೇ ತಿಂಗಳು ಆರೋಗ್ಯ ಕೇಂದ್ರದಲ್ಲಿ ಇಂಜೆಕ್ಷನ್ ಮುಗಿದುಹೋಗಿತ್ತು. ಕಾತೆಮಿಯ ಜೀವ ಬಾಯಿಗೆ ಬಂತು. ಆದರೆ ಗ್ರಾಮದ ಪಟ್ಟಿಯಲ್ಲಿ ಆ ಸಣ್ಣ ಸಾಲು ಇತ್ತಲ್ಲ, ಅದರಿಂದ ಅದೇ ವ್ಯಾನು ಪಕ್ಕದ ತಾಲ್ಲೂಕಿಗೆ ಹೋಗಿ ಔಷಧಿ ತಂದಿತು. ಎರಡು ದಿನ ತಡವಾಯಿತು, ತಪ್ಪಲಿಲ್ಲ. ಹಿಂದಿನ ಸಲ ಅಷ್ಟು ಮಾತ್ರ ಇದ್ದಿದ್ದರೆ ಮಗಳ ಆರು ವರ್ಷ ಉಳಿಯುತ್ತಿತ್ತು ಎಂದು ಕಾತೆಮಿ ವ್ಯಾನಿನಲ್ಲಿ ಕುಳಿತು ಅತ್ತಳು. ಅಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಏಳನೇ ತಿಂಗಳಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬೀಗರು ಬಂದು ಚಾಪೆಯ ಮೇಲೆ ಕುಳಿತರು. ಸುತಿಯಾ ಗೋಡೆಗೆ ಒರಗಿ ಕುಳಿತಿದ್ದಳು. ದಿನಾ ಎಣ್ಣೆ ತಿಕ್ಕಿ, ಹಿಡಿದು ನಡೆಸಿ, ಮಂಡಿಗಳು ಮುಕ್ಕಾಲು ಪಾಲು ನೆಟ್ಟಗಾಗಿದ್ದವು. ಕೋಲು ಹಿಡಿದರೆ ಅಂಗಳದ ತುದಿವರೆಗೆ ಹೋಗಿ ಬರುತ್ತಿದ್ದಳು. ರುಸ್ಮಿನಿ ಅವಳ ಮುಂದೆ ಮಂಡಿಯೂರಿದಳು.

"ಅಕ್ಕ, ನಿನಗಿಂತ ಮುಂಚೆ ಹೋಗ್ತಾ ಇದ್ದೀನಿ. ಅಪ್ಪಣೆ ಕೊಡು. ನಿನಗೆ ಏನು ಬೇಕೋ ಕೇಳು."

ಸುತಿಯಾ ತಂಗಿಯ ಮುಖ ನೋಡಿದಳು. ಆ ಮನೆಯಲ್ಲಿ ಯಾರೂ ಅವಳನ್ನು ಏನು ಬೇಕು ಎಂದು ಕೇಳಿ ಎಷ್ಟು ಕಾಲವಾಗಿತ್ತೋ. ಯೋಚಿಸಲು ಬಹಳ ಹೊತ್ತು ತೆಗೆದುಕೊಂಡಳು.

"ಚಪ್ಪಲಿ," ಎಂದಳು ಸುತಿಯಾ.

"ಅಷ್ಟೇನಾ ಅಕ್ಕ?"

"ಹೂಂ. ಹೋಗು, ಚೆನ್ನಾಗಿರು. ನನ್ನ ಹತ್ರ ಚಪ್ಪಲಿ ಇಲ್ಲ."

ತುಗಿರಾನ್ ಎದ್ದು ಹೊರಗೆ ಹೋದ. ಅಂಗಡಿಗೆ ಹೋದ ಎಂದು ಎಲ್ಲರೂ ಅಂದುಕೊಂಡರು. ಅವನು ಅಂಗಳದ ತುದಿಯಿಂದಲೇ ತಿರುಗಿ ಬಂದು ಮಗಳ ಕಾಲ ಬುಡದಲ್ಲಿ ಕುಳಿತ. ಅವಳ ಪಾದದ ಅಳತೆ ಎಷ್ಟು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ದಾರ ತೆಗೆದುಕೊಂಡು, ಕೋಳ ಕೊರೆದ ಅದೇ ಕೈಯಲ್ಲಿ, ಅವಳ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಳೆದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೇರಿಯಲ್ಲೂ ಹಾಕಿದ ಬಾಗಿಲು ಹಾಕಿದಂತೆಯೇ ಇರುವ ಒಂದು ಮನೆ ಇರಬಹುದು. ಅದು ನಿಮ್ಮದೇ ಮನೆಯೂ ಇರಬಹುದು. ಮನಸ್ಸಿಗೆ ಬರುವ ಕಾಯಿಲೆ ಯಾರ ಪಾಪದ ಫಲವೂ ಅಲ್ಲ. ಅದಕ್ಕೆ ಔಷಧಿ ಇದೆ. ಕಟ್ಟಿಹಾಕಬೇಡಿ, ಕೂಡಿಹಾಕಬೇಡಿ. ಹುಷಾರಾದಂತೆ ಕಂಡ ದಿನ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಕುಟುಂಬದ ಕಾರ್ಡನ್ನು ಇವತ್ತೇ ಹೊರಗೆ ತೆಗೆದು, ಮನೆಯಲ್ಲಿ ಉಣ್ಣುವ ಎಲ್ಲರ ಹೆಸರೂ ಅದರಲ್ಲಿದೆಯೇ ಎಂದು ಎಣಿಸಿ ನೋಡಿ. ಗ್ರಾಮಸಭೆಗೆ ಹೋಗಿ. ಔಷಧಿಗೆ ಎಷ್ಟು ಇಟ್ಟಿದ್ದೀರಿ, ವ್ಯಾನಿಗೆ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ. ಸಾಲು ಇಲ್ಲ ಎಂದರೆ ಬರೆಸಿಯೇ ಎದ್ದು ಬನ್ನಿ. ನಿಮಗೆ ಸಾಕುಸಾಕಾಗಿದೆ, ನಮಗೆ ಗೊತ್ತು. ಅದಕ್ಕೇ ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.